ಮೊದಲು ಪ್ರಶ್ನೆ, ಆಮೇಲೆ ಬಸ್ಸು

(ಪ್ರಾಥಮಿಕ ಶಾಲಾ ಶಿಕ್ಷಕರಾಗಲು ತರಬೇತಿ ಪಡೆಯುತ್ತಿರುವ ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರೊಬ್ಬರು ಮಾಡಿದ ಭಾಷಣದ ಬರಹರೂಪ)



ನಾನು ಶಿಕ್ಷಣ ತಜ್ಞರ ಸಾಲಿಗೆ ಸೇರಿದವನಲ್ಲ. ಪತ್ರಿಕೋದ್ಯಮದಲ್ಲಿ ಒಂದು ಡಿಪ್ಲೊಮಾ ಮಾಡಿಕೊಂಡು ನಾಲ್ಕು ವರ್ಷಗಳಿಂದ ವರದಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಹಲವರಿಗೂ ನನಗೂ ವಯಸ್ಸಿನಲ್ಲಿ ಅಂಥ ಅಂತರವಿಲ್ಲ. ಹೀಗಿರುವಾಗ ಪಾಠ ಹೇಳುವುದು ಹೇಗೆ ಎಂದು ನಾನು ನಿಮಗೆ ಹೇಳಹೊರಟರೆ ಅದು ಅಧಿಕಪ್ರಸಂಗವಾದೀತು. ಕಂಡದ್ದನ್ನು ಹೇಳುವುದು ನನ್ನ ಕಸುಬು. ಅಷ್ಟನ್ನೇ ಮಾಡುತ್ತೇನೆ.

ಮೊದಲು ನನ್ನದೇ ಒಂದು ಕಥೆ. ಏಳನೇ ತರಗತಿಯಲ್ಲಿದ್ದಾಗ ನಮ್ಮನ್ನು ಬೇಲೂರು-ಹಳೇಬೀಡಿಗೆ ಪ್ರವಾಸ ಕರೆದುಕೊಂಡು ಹೋಗಿದ್ದರು. ಒಂದು ಬಸ್ಸು, ಅರವತ್ತು ಮಕ್ಕಳು, ನಾಲ್ವರು ಮೇಷ್ಟರು, ಒಂದು ಪಾತ್ರೆ ಪುಳಿಯೋಗರೆ. ಹತ್ತುವಾಗ ಎಣಿಸಿದರು, ಇಳಿಯುವಾಗ ಎಣಿಸಿದರು, ಮತ್ತೆ ಹತ್ತುವಾಗ ಎಣಿಸಿದರು. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯ ತಳದಲ್ಲಿ ಆನೆಗಳ ಸಾಲು ಇದೆಯಲ್ಲ, ಅದರ ಮುಂದೆ ನಾನು ನಿಂತುಬಿಟ್ಟೆ. ಆನೆ ಕೆಳಗೆ, ಅದರ ಮೇಲೆ ಬೇರೆ ಬೇರೆ ಸಾಲುಗಳು. ಆನೆ ಯಾಕೆ ಯಾವಾಗಲೂ ಕೆಳಗೇ ಇರಬೇಕು ಎಂದು ಪಕ್ಕದಲ್ಲಿದ್ದ ಮೇಷ್ಟರನ್ನು ಕೇಳಿದೆ. 'ಸಾಲು ತಪ್ಪಿಸಬೇಡ, ನಡಿ' ಎಂದರು. ಅವರದೂ ತಪ್ಪೆನ್ನಲಾರೆ, ಅವರ ತಲೆಯಲ್ಲಿದ್ದದ್ದು ಅರವತ್ತು ಎಂಬ ಸಂಖ್ಯೆ. ಬಾಗಿಲ ಬಳಿಯ ಫಲಕ ನೋಡಿ ಬರೆದುಕೊಳ್ಳಲು ಹೇಳಿದರು. ಬರೆದುಕೊಂಡೆವು. ಮರುವಾರ 'ನಾನು ಕೈಗೊಂಡ ಪ್ರವಾಸ' ಎಂಬ ಪ್ರಬಂಧದಲ್ಲಿ ಅದೇ ಫಲಕವನ್ನು ನಾಲ್ಕು ಪುಟ ಮಾಡಿ ಹಿಗ್ಗಿಸಿದೆ. ಹತ್ತಕ್ಕೆ ಎಂಟು ಅಂಕ ಬಂತು. ಆ ಪ್ರಬಂಧದಲ್ಲಿ ಆನೆ ಇರಲಿಲ್ಲ.

ಇದನ್ನು ಹೇಳಲು ಕಾರಣವಿದೆ. ಕಳೆದ ವರ್ಷ ಒಂದು ಲೇಖನಕ್ಕಾಗಿ ಬೆಂಗಳೂರಿನ ಒಂದು ಮಾಂಟೆಸ್ಸರಿ ಶಾಲೆಯಲ್ಲಿ, ಆರರಿಂದ ಹನ್ನೆರಡು ವರ್ಷದ ಮಕ್ಕಳ ವಿಭಾಗದಲ್ಲಿ, ಆರು ದಿನ ಮೂಲೆಯೊಂದರಲ್ಲಿ ಕುಳಿತಿದ್ದೆ. ಶಾಲೆಯ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಯಾರಾದರೂ ಶುಲ್ಕ ಎಷ್ಟೆಂದು ಕೇಳುತ್ತೀರಿ, ಆಮೇಲೆ ಮಾತೆಲ್ಲ ಅದರ ಸುತ್ತಲೇ ತಿರುಗುತ್ತದೆ. ಶುಲ್ಕದ ವಿಷಯಕ್ಕೆ ನಾನೇ ಕೊನೆಯಲ್ಲಿ ಬರುತ್ತೇನೆ.

ಮಾಂಟೆಸ್ಸರಿ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಶಿಶುವಿಹಾರ. ಗುಲಾಬಿ ಬಣ್ಣದ ಮರದ ಘನಗಳು, ಉಪ್ಪುಕಾಗದದ ಅಕ್ಷರಗಳು, ಪುಟ್ಟ ಕುರ್ಚಿಗಳು. ಆರು ವರ್ಷವಾದ ಕೂಡಲೇ 'ಆಟ ಆಡಿದ್ದು ಸಾಕು' ಎಂದು ಮಗುವನ್ನು ಎತ್ತಿ 'ಸರಿಯಾದ' ಶಾಲೆಗೆ ಹಾಕುತ್ತೇವೆ. ಆದರೆ ಈ ಪದ್ಧತಿಯಲ್ಲಿ ಆರರ ನಂತರ ಇನ್ನೊಂದು ಮನೆಯೇ ಇದೆ. ನಾನು ನೋಡಿದ್ದು ಆ ಎರಡನೇ ಮನೆಯನ್ನು.

ಮೊದಲ ದಿನ ಕಂಡದ್ದು ಮಣಿಗಳು. ಒಂದು ಚಿನ್ನದ ಬಣ್ಣದ ಮಣಿ ಎಂದರೆ ಒಂದು. ಹತ್ತು ಮಣಿ ತಂತಿಯಲ್ಲಿ ಪೋಣಿಸಿದರೆ ಹತ್ತರ ಕಡ್ಡಿ. ಅಂಥ ಹತ್ತು ಕಡ್ಡಿ ಸೇರಿಸಿ ಹೆಣೆದರೆ ನೂರರ ಚೌಕ. ಹತ್ತು ಚೌಕ ಒಂದರ ಮೇಲೊಂದಿಟ್ಟರೆ ಸಾವಿರದ ಘನ. ಇವುಗಳಿಂದ ಮಕ್ಕಳು 'ಬ್ಯಾಂಕ್' ಆಟ ಆಡುತ್ತಾರೆ. ಹತ್ತು ಬಿಡಿ ಮಣಿ ಕೊಟ್ಟರೆ ಒಂದು ಕಡ್ಡಿ, ನಮ್ಮ ಅಂಗಡಿ ಶೆಟ್ಟರು ಚಿಲ್ಲರೆ ತೆಗೆದುಕೊಂಡು ನೋಟು ಕೊಟ್ಟ ಹಾಗೆ. ಕೂಡುವಾಗ 'ದಶಕ ಕೈಯಲ್ಲಿ ಒಂದು' ಎಂದು ನಾವೆಲ್ಲ ಬಾಯಲ್ಲಿ ಹೇಳಿದೆವಲ್ಲ, ಆ ಒಂದು ಇಲ್ಲಿ ನಿಜಕ್ಕೂ ಕೈಯಲ್ಲಿರುತ್ತದೆ. ಸಾವಿರದ ಘನಕ್ಕೆ ಭಾರವೂ ಇದೆ. ಸಾವಿರ ಎಂದರೆ ಒಂದಕ್ಕಿಂತ ಭಾರ ಎಂಬುದನ್ನು ಆ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಪೆಟ್ಟಿಗೆ ಇತ್ತು, ಬಣ್ಣ ಬಳಿದ ಇಪ್ಪತ್ತೇಳು ಮರದ ತುಂಡುಗಳದು. ನಾಲ್ಕೈದು ವರ್ಷದ ಮಗು ಬಣ್ಣ ಹೊಂದಿಸಿ ಅದನ್ನು ಜೋಡಿಸುತ್ತದೆ. ಅದಕ್ಕೆ ಅದೊಂದು ಒಗಟು ಮಾತ್ರ. ಐದಾರು ವರ್ಷ ಕಳೆದ ಮೇಲೆ ಅದೇ ಪೆಟ್ಟಿಗೆ ಮತ್ತೆ ಹೊರಬರುತ್ತದೆ. ಆಗ ತಿಳಿಯುವುದು, ಅದು ಎ ಪ್ಲಸ್ ಬಿ ಪ್ಲಸ್ ಸಿ ಎಂಬುದರ ಘನ ಎಂದು. ಪ್ರೌಢಶಾಲೆಯಲ್ಲಿ ನಾನು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ದಿನವೇ ಮರೆತ ಸೂತ್ರವನ್ನು ಒಬ್ಬ ಹುಡುಗ ನನ್ನೆದುರು ತುಂಡು ತುಂಡಾಗಿ ಬಿಚ್ಚಿಟ್ಟ. ಮೂರು ಘನಗಳು, ಹದಿನೆಂಟು ಚಪ್ಪಟೆ ಅಥವಾ ಉದ್ದ ತುಂಡುಗಳು, ಮತ್ತು ಉಳಿದ ಆರು ಒಂದೇ ಅಳತೆಯವು. ಎಲ್ಲ ಸೇರಿದರೆ ಇಪ್ಪತ್ತೇಳು. ಸೂತ್ರದಲ್ಲಿ ಆರು ಎಬಿಸಿ ಯಾಕೆ ಬರುತ್ತದೆ ಎಂಬುದು ನನಗೆ ಅಂದು ಗೊತ್ತಾಯಿತು.

ವ್ಯಾಕರಣಕ್ಕೂ ಆಕಾರಗಳಿವೆ. ನಾಮಪದಕ್ಕೆ ಕಪ್ಪು ತ್ರಿಕೋನ; ಅದು ನೆಲ ಊರಿ ನಿಂತ ವಸ್ತು. ಕ್ರಿಯಾಪದಕ್ಕೆ ಕೆಂಪು ವೃತ್ತ. ಅದು ಉರುಳುವ ಚೆಂಡು. ಮನೆಗೆ ಬಂದು ಬಣ್ಣದ ಕಾಗದ ಕತ್ತರಿಸಿ ನಾನೇ ಕನ್ನಡದ ವಾಕ್ಯಗಳ ಮೇಲೆ ಇಟ್ಟು ನೋಡಿದೆ. 'ಹಸಿರು ಎಲೆ ಕೆಳಗೆ ಬಿತ್ತು'. ಇಂಗ್ಲಿಷಿನಲ್ಲಿ ನಡುವೆ ಬಂದು ಕೂರುವ ಆ ಕೆಂಪು ಚೆಂಡು ನಮ್ಮಲ್ಲಿ ಮತ್ತೆ ಮತ್ತೆ ಸಾಲಿನ ಕೊನೆಗೇ ಉರುಳಿ ಹೋಗಿ ನಿಂತಿತು. ಇಪ್ಪತ್ತೈದು ವರ್ಷ ಈ ಭಾಷೆ ಆಡಿಕೊಂಡು ಬಂದವನಿಗೆ ಇದು ಕಣ್ಣಿಗೆ ಕಂಡದ್ದು ಅದೇ ಮೊದಲು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಎರಡನೇ ದಿನ ಅಲ್ಲಿನ ಶಿಕ್ಷಕಿ ಒಂದು ಕೋಲಿಗೆ ಸುತ್ತಿದ ಕಪ್ಪು ಬಟ್ಟೆಯ ಪಟ್ಟಿ ತಂದರು. ಮೂವತ್ತು ಮೀಟರ್ ಉದ್ದದ್ದು. ಭೂಮಿಯ ಕಥೆ ಹೇಳುತ್ತೇನೆ ಎಂದಷ್ಟೇ ಹೇಳಿ ವರಾಂಡದ ಒಂದು ತುದಿಯಿಂದ ಬಿಚ್ಚುತ್ತಾ ನಡೆದರು. ಮಕ್ಕಳು ಜೊತೆಯಲ್ಲೇ ನಡೆದರು. ಕಪ್ಪು, ಮತ್ತೂ ಕಪ್ಪು. ಏನೂ ಬರೆದಿಲ್ಲ, ಚಿತ್ರವಿಲ್ಲ. ವರಾಂಡ ಮುಗಿದು ಪಟ್ಟಿ ಅಂಗಳಕ್ಕಿಳಿಯಿತು. ಒಬ್ಬ ಆಕಳಿಸಿದ. ಕಟ್ಟಕಡೆಗೆ ಅಂಚಿನಲ್ಲಿ ಒಂದು ಸಣ್ಣ ಬಿಳಿ ಗೆರೆ ಕಂಡಿತು. 'ಇಷ್ಟು ನಾವು, ಮನುಷ್ಯರು' ಎಂದರು ಶಿಕ್ಷಕಿ. 'ಉಳಿದದ್ದು ನಾವು ಬರುವ ಮೊದಲು.' ಮತ್ತೇನೂ ಹೇಳಲಿಲ್ಲ.

ಭೂಮಿಗೆ ಸುಮಾರು 460 ಕೋಟಿ ವರ್ಷ ಎಂದು ಇಟ್ಟುಕೊಂಡರೆ, ಆ ಪಟ್ಟಿಯ ಒಂದು ಮೀಟರ್ ಎಂದರೆ ಹದಿನೈದು ಕೋಟಿ ವರ್ಷ ಮೀರುತ್ತದೆ. ಒಂದು ಸೆಂಟಿಮೀಟರಿಗೆ ಹದಿನೈದು ಲಕ್ಷ. ನಮ್ಮ ಜಾತಿಯ ಮನುಷ್ಯ ಬಂದು ಸುಮಾರು ಮೂರು ಲಕ್ಷ ವರ್ಷ. ಅಂದರೆ ಎರಡು ಮಿಲಿಮೀಟರ್. ಡೈನೋಸಾರ್‌ಗಳು ಅಳಿದು 6.6 ಕೋಟಿ ವರ್ಷ. ಈ ತುದಿಯಿಂದ ಒಂದು ಮೊಳಕ್ಕೂ ಸ್ವಲ್ಪವೇ ಕಡಿಮೆ. ಬೇಸಾಯ ಶುರುವಾಗಿ ಹತ್ತು ಸಾವಿರ ವರ್ಷವೆಂದರೆ, ನಿಮ್ಮ ತಲೆಯ ಒಂದು ಕೂದಲಿನ ದಪ್ಪ. ಈ ಲೆಕ್ಕ ನಾನು ಆಮೇಲೆ ಹಾಕಿದ್ದಲ್ಲ. ಮಕ್ಕಳು ಆ ಮಧ್ಯಾಹ್ನ ನೆಲದ ಮೇಲೆ ಮಲಗಿ ಅಳತೆಪಟ್ಟಿ ಹಿಡಿದು ಜಗಳವಾಡುತ್ತಾ ಹಾಕಿದ್ದು.

ಆ ಜಗಳದ ನಡುವೆ ಒಂಬತ್ತು ವರ್ಷದ ಒಬ್ಬಳು ಹುಡುಗಿ ಕೇಳಿದಳು: 'ನಮ್ಮೂರಲ್ಲಿ ಕೈಯಿಂದ ಮುಟ್ಟಬಹುದಾದ ಎಲ್ಲಕ್ಕಿಂತ ಹಳೆಯ ವಸ್ತು ಯಾವುದು?'

ಶಿಕ್ಷಕಿಗೆ ಉತ್ತರ ಗೊತ್ತಿತ್ತು. ನನಗೂ ಗೊತ್ತಿತ್ತು, ಬಾಯಿ ತೆರೆದೆ. ಅವರು ನನ್ನತ್ತ ನೋಡಿದ ನೋಟಕ್ಕೆ ಸುಮ್ಮನಾದೆ. 'ಹುಡುಕಿ' ಎಂದರು ಅವರು, ಅಷ್ಟೆ.

ಇಬ್ಬರು ಹುಡುಗಿಯರು, ಒಬ್ಬ ಹುಡುಗ ಒಟ್ಟಾದರು. ಪುಸ್ತಕ ತಿರುವಿದರು. ಒಂದೂವರೆ ದಿನದ ಮೇಲೆ ಲಾಲ್‌ಬಾಗಿನ ಬಂಡೆ ಎಂಬ ಉತ್ತರ ಸಿಕ್ಕಿತು. ಕೆಂಪೇಗೌಡರ ಗೋಪುರ ಇರುವ ಅದೇ ಬಂಡೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾದದ್ದು. ಪುಸ್ತಕದಲ್ಲಿ ಅದರ ವಯಸ್ಸು ಮೂರು ಸಾವಿರ ಮಿಲಿಯನ್ ವರ್ಷ ಎಂದಿತ್ತು. ಮಿಲಿಯನ್ ಎಂದರೆ ಎಷ್ಟು? ಕಪಾಟಿನಲ್ಲಿ ಅದಕ್ಕೂ ಪರಿಕರ ಇತ್ತು. ಐದು ಮಿಲಿಮೀಟರಿನ ಒಂದು ಪುಟ್ಟ ಘನ ಎಂದರೆ ಒಂದು. ಅದೇ ಲೆಕ್ಕದಲ್ಲಿ ಹತ್ತು ಲಕ್ಷಕ್ಕೆ ಅರ್ಧ ಮೀಟರ್ ಉದ್ದ, ಅಗಲ, ಎತ್ತರದ ಮರದ ಘನ, ಮಗುವೊಂದು ತಬ್ಬಿಕೊಂಡರೆ ಕೈ ಸಾಲದಷ್ಟು ದೊಡ್ಡದು. ಅಂಥ ಮೂರು ಸಾವಿರ ಇಟ್ಟರೆ ಎಷ್ಟು ಜಾಗ ಬೇಕು? ಒಂದು ಘನ ಮೀಟರಿಗೆ ಎಂಟು. ಆದ್ದರಿಂದ 375 ಘನ ಮೀಟರ್. ಅವರ ಕೋಣೆ ಎಂಟು ಮೀಟರ್ ಉದ್ದ, ಆರು ಅಗಲ, ಮೂರು ಎತ್ತರ. ಅಂಥ ಎರಡೂವರೆ ಕೋಣೆ ನೆಲದಿಂದ ಚಾವಣಿಯವರೆಗೆ ತುಂಬಿದರೂ ಇನ್ನೂ ಕೆಲವು ಘನ ಹೊರಗೇ ಉಳಿಯುತ್ತವೆ. ಮನುಷ್ಯನ ಮೂರು ಲಕ್ಷ ವರ್ಷಕ್ಕೆ ಒಂದೇ ಒಂದು ಘನದ ಮೂರರಲ್ಲೊಂದು ಪಾಲೂ ಬೇಡ. ಹುಡುಗ ಚಾವಣಿ ನೋಡುತ್ತಾ ಬಹಳ ಹೊತ್ತು ಕುಳಿತಿದ್ದ.

ಇನ್ನು ಹೋಗಿ ಮುಟ್ಟುವುದು. ಇದಕ್ಕೆ ಅವರು 'ಹೊರಗೆ ಹೋಗುವುದು' ಎಂದೇ ಹೆಸರಿಟ್ಟಿದ್ದಾರೆ. ಪ್ರವಾಸ ಎನ್ನುವುದಿಲ್ಲ. ಇಡೀ ತರಗತಿ ಹೋಗುವುದಿಲ್ಲ. ಪ್ರಶ್ನೆ ಯಾರದೋ ಅವರು ಹೋಗುತ್ತಾರೆ. ಎಲ್ಲಿಗೆ, ಯಾವ ಬಸ್ಸು, ಟಿಕೆಟ್ಟಿಗೆ ಎಷ್ಟು, ತೋಟದ ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ, ಯಾರ ಅನುಮತಿ ಬೇಕು, ಕುಡಿಯುವ ನೀರು ಯಾರು ಹೊರಬೇಕು ಎಂಬುದೆಲ್ಲ ಮಕ್ಕಳ ಜವಾಬ್ದಾರಿ. ಮನೆಯವರ ಒಪ್ಪಿಗೆಯ ಚೀಟಿಯನ್ನೂ ಅವರೇ ಬರೆದು ಸಹಿ ಹಾಕಿಸಿಕೊಂಡು ಬಂದರು. ದೊಡ್ಡವರೊಬ್ಬರು ಜೊತೆಗಿರುತ್ತಾರೆ, ಆದರೆ ಮುಂದೆ ನಡೆಯುವುದಿಲ್ಲ. ರಸ್ತೆ ದಾಟುವಾಗ ಬಿಟ್ಟರೆ ಬಾಯಿಯೂ ತೆರೆಯುವುದಿಲ್ಲ.

ಐದನೇ ದಿನ ನಾನೂ ಹಿಂದೆ ಹಿಂದೆ ಹೋದೆ. ಮಕ್ಕಳು ಬಂಡೆಗೆ ಹತ್ತಿರದ ಮುಖ್ಯ ದ್ವಾರದ ಬದಲು ಪಶ್ಚಿಮ ದ್ವಾರದಲ್ಲಿ ಇಳಿದುಬಿಟ್ಟರು. ಜೊತೆಗಿದ್ದ ಶಿಕ್ಷಕಿ ಏನೂ ಹೇಳಲಿಲ್ಲ. ಒಳಗೆ ಹೋಗಿ, ಬಂಡೆ ಕಾಣದೆ, ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಹುಡುಗಿಯೊಬ್ಬಳು ಗಿಡಕ್ಕೆ ನೀರು ಹಾಕುತ್ತಿದ್ದ ಮಾಲಿಯನ್ನು ಕೇಳಿದಳು. ಅವರು ಕೈ ಚಾಚಿ ದಾರಿ ತೋರಿಸಿದರು. ಇಡೀ ತೋಟವನ್ನು ಅಡ್ಡ ಹಾಯ್ದು ಬಂಡೆ ತಲುಪುವಾಗ ಬಿಸಿಲೇರಿತ್ತು. ಹೋದವರೇ ಏನು ಮಾಡಿದರು ಅಂದುಕೊಂಡಿರಿ? ಚಪ್ಪಲಿ ಬಿಟ್ಟು, ಬಂಡೆಯ ಮೇಲೆ ಎರಡೂ ಅಂಗೈ ಊರಿದರು. 'ಬಿಸಿ' ಎಂದಳೊಬ್ಬಳು. ಕಲ್ಲಿನಲ್ಲಿ ಬಿಳಿ, ಬೂದು ಪಟ್ಟೆಗಳು ಮಡಚಿಕೊಂಡು ಹೋಗಿವೆ. ಕಲ್ಲು ಹಿಟ್ಟಿನ ಹಾಗೆ ಮಡಚಿಕೊಳ್ಳುವುದು ಹೇಗೆ ಎಂಬುದು ಅಲ್ಲೇ ಹುಟ್ಟಿದ ಮುಂದಿನ ಪ್ರಶ್ನೆ. ಅದನ್ನು ಹುಡುಗ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡ. ಫಲಕ ನೋಡಿ ಬರೆದದ್ದಲ್ಲ.

ಅಂದು ಬಸ್ಸಿನಲ್ಲಿ ವಾಪಸಾಗುವಾಗ ನನಗೆ ನೆನಪಾದದ್ದು ಹಳೇಬೀಡಿನ ಆನೆ. ನನಗೂ ಪ್ರಶ್ನೆ ಇತ್ತು. ಆದರೆ ನಮ್ಮಲ್ಲಿ ಬಸ್ಸು ಮೊದಲು, ಪ್ರಶ್ನೆ ಆಮೇಲೆ. ಅಷ್ಟು ಹೊತ್ತಿಗೆ ಬಸ್ಸು ಹೊರಟಿರುತ್ತದೆ.

ಈ ಪದ್ಧತಿಯ ಹುಟ್ಟೂರು ಎಲ್ಲಿ ಎಂದು ಹುಡುಕುತ್ತಾ ಹೋದಾಗ ನನಗೊಂದು ಆಶ್ಚರ್ಯ ಕಾದಿತ್ತು. ಮಾರಿಯಾ ಮಾಂಟೆಸ್ಸರಿ ಇಟಲಿಯವರು, ಹುಟ್ಟಿದ್ದು 1870ರಲ್ಲಿ, ಓದಿದ್ದು ವೈದ್ಯಕೀಯ. 1907ರಲ್ಲಿ ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ, ಕೂಲಿಗೆ ಹೋಗುವವರ ಮಕ್ಕಳಿಗಾಗಿ ಮೊದಲ 'ಮಕ್ಕಳ ಮನೆ' ತೆರೆದರು. ಬಡವರ ಮಕ್ಕಳಿಗಾಗಿ ಎಂಬುದನ್ನು ಗಮನಿಸಿ. 1939ರ ಕೊನೆಯಲ್ಲಿ ಥಿಯಾಸಾಫಿಕಲ್ ಸೊಸೈಟಿಯ ಆಹ್ವಾನದ ಮೇಲೆ ಮಗ ಮಾರಿಯೊ ಜೊತೆ ಮದ್ರಾಸಿನ ಅಡ್ಯಾರಿಗೆ ಬಂದರು. ಕೆಲವು ತಿಂಗಳಿದ್ದು ಮರಳುವ ಯೋಜನೆ. ಅಷ್ಟರಲ್ಲಿ 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿಯಿತು. ತಾಯಿ-ಮಗ ಬ್ರಿಟಿಷ್ ಸರ್ಕಾರಕ್ಕೆ ಶತ್ರು ದೇಶದ ಪ್ರಜೆಗಳಾದರು. ಮಗನನ್ನು ಬಂಧನ ಶಿಬಿರಕ್ಕೆ ಹಾಕಿದರು. ಆಕೆಯ ಎಪ್ಪತ್ತನೇ ಹುಟ್ಟುಹಬ್ಬದಂದು, ಅದೇ ವರ್ಷದ ಆಗಸ್ಟ್ 31ರಂದು, ವೈಸರಾಯ್ ಆತನನ್ನು ಬಿಡುಗಡೆ ಮಾಡಿದ. ದೇಶ ಬಿಡುವಂತಿರಲಿಲ್ಲ. 1942ರಿಂದ 1944ರವರೆಗೆ ಇಬ್ಬರೂ ಕೊಡೈಕೆನಾಲಿನ ಬೆಟ್ಟದ ಮೇಲಿದ್ದರು. ಅಲ್ಲಿ ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ದೇಶದ ಮಕ್ಕಳ ಒಂದು ಪುಟ್ಟ ಶಾಲೆ ನಡೆಯಿತು.

ಆರರ ನಂತರದ ಮಕ್ಕಳಿಗೆ ಗಣಿತ, ವ್ಯಾಕರಣದ ಪರಿಕರಗಳು ಅದಕ್ಕೂ ಹಿಂದೆಯೇ ಇದ್ದವು. ಆದರೆ ವಿಶ್ವ, ಜೀವ, ಮನುಷ್ಯ, ಲಿಪಿ, ಅಂಕಿ ಇವುಗಳ ಮಹಾಕಥೆಗಳಿಂದ ಆರಂಭಿಸಿ ಎಲ್ಲ ವಿಷಯಗಳನ್ನೂ ಒಂದೇ ಬಳ್ಳಿಯಲ್ಲಿ ಹಬ್ಬಿಸುವ ಪಠ್ಯಕ್ರಮ ಗಟ್ಟಿಯಾಗಿ ಬೆಳೆದದ್ದು ಆ ಕೊಡೈಕೆನಾಲಿನ ದಿನಗಳಲ್ಲಿ. ಕಪ್ಪು ಪಟ್ಟಿಯ ಬಗ್ಗೆಯೂ ಮಾಂಟೆಸ್ಸರಿ ಶಿಕ್ಷಕರು ಒಂದು ಕಥೆ ಹೇಳುತ್ತಾರೆ. ನಮ್ಮ ನಾಗರಿಕತೆ ಎಲ್ಲಕ್ಕಿಂತ ಪ್ರಾಚೀನ ಎಂದು ಭಾರತದ ಮಕ್ಕಳು ಜಂಬ ಕೊಚ್ಚಿಕೊಂಡರಂತೆ. ಹೌದಾ, ನೋಡೋಣ ಎಂದು ಮುನ್ನೂರು ಮೀಟರಿನ ಕಪ್ಪು ಬಟ್ಟೆ ಮಾಡಿಸಿ, ಸೈಕಲ್ಲಿಗೆ ಕಟ್ಟಿ, ಊರ ಬೀದಿಯುದ್ದಕ್ಕೂ ಬಿಚ್ಚಿಸಿದರಂತೆ. ಬಾಯಿಂದ ಬಾಯಿಗೆ ಬಂದ ಕಥೆ. ಹಾಗೆಂದೇ ನಾನೂ ಹೇಳುತ್ತಿದ್ದೇನೆ. ಮಕ್ಕಳ ಜಂಬಕ್ಕೆ ಉಪದೇಶದ ಬದಲು ಬಟ್ಟೆಯಿಂದ ಉತ್ತರ ಕೊಟ್ಟ ರೀತಿ ಮಾತ್ರ ನನಗೆ ಬಹಳ ಹಿಡಿಸಿತು.

ನಮ್ಮ ಬೆಟ್ಟದ ಮೇಲೆ ಬೆಳೆದ ಈ ಪದ್ಧತಿ ಇಂದು ನಮ್ಮಲ್ಲೇ ಅಪರೂಪ. ಮಾಂಟೆಸ್ಸರಿ ಎಂಬ ಬೋರ್ಡು ಬೀದಿಗೊಂದಿದೆ, ಒಳಗೆ ಹೋದರೆ ಅದೇ ಸ್ಲೇಟು, ಅದೇ ರಾಗದ ಮಗ್ಗಿ. ನಿಜವಾಗಿ ನಡೆಸುವ ಕಡೆ ಪರಿಕರಗಳು ದುಬಾರಿ, ಶುಲ್ಕವೂ ದುಬಾರಿ. 1931ರಲ್ಲಿ ಲಂಡನ್ನಿನಲ್ಲಿ ಗಾಂಧೀಜಿ ಮಾಂಟೆಸ್ಸರಿ ಅವರ ತರಬೇತಿ ಸಂಸ್ಥೆಯಲ್ಲಿ ಮಾತನಾಡಿದಾಗ, ಸಿರಿವಂತರ ಮಕ್ಕಳಿಗಷ್ಟೇ ಅಲ್ಲ, ಕಡುಬಡವರ ಮಕ್ಕಳಿಗೂ ಇಂಥ ಶಿಕ್ಷಣ ಸಿಗಬಹುದೆಂಬ ಆಸೆ ತಮಗಿದೆ ಎಂದಿದ್ದರು. ಆ ಆಸೆ ಈಡೇರಿದೆ ಎನ್ನಲು ನನಗೆ ನಾಲಗೆ ಬರುವುದಿಲ್ಲ. ಕೇರಿಯಲ್ಲಿ ಶುರುವಾದದ್ದು ಬಡಾವಣೆಗೆ ಹೋಗಿ ಕುಳಿತಿದೆ.

ನಿಮ್ಮ ಮನಸ್ಸಿನಲ್ಲಿ ಈಗ ಏನು ಓಡುತ್ತಿದೆ ಎಂಬುದು ನನಗೆ ಗೊತ್ತು. ಮುಂದೆ ನೀವು ಹೋಗುವುದು ಯಾವುದೋ ಹೋಬಳಿಯ ಶಾಲೆಗೆ. ಎರಡು ಕೋಣೆ, ಐದು ತರಗತಿ, ಬಿಸಿಯೂಟದ ಲೆಕ್ಕ ಬೇರೆ. ಮೂರು ಮಕ್ಕಳನ್ನು ಹೊರಗೆ ಕಳಿಸಿದರೆ ಉಳಿದವರನ್ನು ನೋಡಿಕೊಳ್ಳುವವರು ಯಾರು? ಏನಾದರೂ ಆದರೆ ಹೊಣೆ ಯಾರದು? ಈ ಭಯ ಸುಳ್ಳಲ್ಲ. ಆ ಶಾಲೆಯ ಶಿಕ್ಷಕಿಯೂ ನನಗೆ ಹೇಳಿದರು, ಮಕ್ಕಳು ಹೊರಗೆ ಹೋದ ದಿನ ತಮಗೆ ಊಟ ಸೇರುವುದಿಲ್ಲ ಎಂದು. ಆದರೂ ಎರಡು ಮಾತು ಹೇಳುತ್ತೇನೆ. ಕೈಯಿಂದ ಕಲಿಯುವುದು ನಮ್ಮ ಸರ್ಕಾರಿ ಶಾಲೆಗಳಿಗೆ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ನಿಮಗೆಲ್ಲ ಗೊತ್ತು; ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ, ತಮ್ಮ ತಮ್ಮ ವೇಗದಲ್ಲಿ, ಚಟುವಟಿಕೆಯಿಂದ ಕಲಿಯಬಹುದು ಎಂಬುದನ್ನು ಅದು ನಮ್ಮ ಮಣ್ಣಿನಲ್ಲೇ ಮಾಡಿ ತೋರಿಸಿತು. ಇನ್ನೊಂದು, ಹಳ್ಳಿಯ ಶಾಲೆಗೆ 'ಹೊರಗೆ' ಎಂಬುದು ಬಸ್ಸು ಹಿಡಿಯಬೇಕಾದಷ್ಟು ದೂರವಿಲ್ಲ. ಕೆರೆಯ ತೂಬು, ಕಮ್ಮಾರನ ಕುಲುಮೆ, ವೀರಗಲ್ಲು, ಹಾಲಿನ ಡೈರಿಯ ಅಳತೆಯ ಯಂತ್ರ, ಇವೆಲ್ಲ ಗಂಟೆ ಹೊಡೆದರೆ ಕೇಳಿಸುವಷ್ಟು ಹತ್ತಿರ. ಬೆಂಗಳೂರಿನ ಆ ಮಕ್ಕಳಿಗೆ ಇಲ್ಲದ ಸಿರಿ ಅದು. ಇಬ್ಬರು ಮಕ್ಕಳು ವೀರಗಲ್ಲಿನ ಮೂರು ಹಂತಗಳಲ್ಲಿ ಏನಿದೆ ಎಂದು ನೋಡಿ ಬರಲು ಅರ್ಧ ಗಂಟೆ ಸಾಕು. ಆದರೆ ನೋಡಿ ಬನ್ನಿ ಎಂದು ನೀವು ಹೇಳಿ ಕಳಿಸಿದರೆ ಅದು ಹಳೆಯ ಪ್ರವಾಸವೇ. ಅವರು ಕೇಳುವವರೆಗೆ ಕಾಯಬೇಕು. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟ ಎಂಬುದನ್ನು ನಾನು ಬಲ್ಲೆ.

ಪರಿಕರದ ಖರ್ಚಿನ ಬಗ್ಗೆ ಒಂದು ಪ್ರಯೋಗ ಮಾಡಿದ್ದೇನೆ. ನಮ್ಮ ಮನೆಯಲ್ಲಿ ಕಪ್ಪು ಸೀರೆ ಇರಲಿಲ್ಲ; ಅಮ್ಮನ ಹಳೆಯದೊಂದು ಕಡುನೀಲಿ ಸೀರೆ ಸಿಕ್ಕಿತು. ಐದೂವರೆ ಮೀಟರ್ ಉದ್ದ. ಅದನ್ನು ಉದ್ದಕ್ಕೆ ಆರು ಪಟ್ಟಿಯಾಗಿ ಹರಿದು ಒಂದಕ್ಕೊಂದು ಹೊಲಿದರೆ 33 ಮೀಟರ್ ಆಗುತ್ತದೆ. ಮೂರು ಮೀಟರ್ ಕತ್ತರಿಸಿ ತೆಗೆದೆ. ಖರ್ಚು ಒಂದು ಉಂಡೆ ದಾರ, ಮತ್ತೆ ಅಮ್ಮನ ಬೈಗುಳ. ಈ ತುದಿಯಲ್ಲಿ ಎರಡು ಮಿಲಿಮೀಟರ್ ಬಿಳಿ ದಾರ ಹಾಕಿದ್ದೇನೆ. ಈ ತುದಿಯಿಂದ ಹತ್ತೊಂಬತ್ತೂವರೆ ಮೀಟರ್ ಹಿಂದಕ್ಕೆ ಕೆಂಪು ದಾರದ ಒಂದು ಹೊಲಿಗೆ ಇದೆ. ಅದು ಲಾಲ್‌ಬಾಗಿನ ಬಂಡೆ.

ಪಟ್ಟಿ ಈ ಚೀಲದಲ್ಲಿದೆ. ಹಿಂದಿನ ಬೆಂಚಿನವರು ಇಬ್ಬರು ಬಂದು ಈ ಕೋಲು ಹಿಡಿದುಕೊಳ್ಳಿ. ಬಾಗಿಲು ತೆರೆಯಿರಿ, ಈ ಕೋಣೆ ಸಾಲುವುದಿಲ್ಲ.